ಕೈ ಗೀಚಿದ ಗಿಡದ ಹೆಸರು

ಆ ಗಿಡ ಅಲ್ಲಿದೆ ಅಂತ ನನಗೆ ಗೊತ್ತಾಗಿದ್ದೇ ಅದು ಕೈ ಗೀಚಿದ ಮೇಲೆ.

ನೀರಿನ ಪೈಪು ಎಳೆದುಕೊಂಡು ಅಂಗಳದ ಮೂಲೆ ದಾಟುತ್ತಿದ್ದೆ. ಪೈಪು ಎಲ್ಲೋ ಸಿಕ್ಕಿಕೊಂಡಿತು. ಬಿಡಿಸೋಣ ಅಂತ ಬಗ್ಗಿ ಕೈ ಹಾಕಿದೆ, ಅಷ್ಟೇ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು ಗೆರೆ. ತಲೆ ಎತ್ತಿ ನೋಡಿದರೆ ನನಗಿಂತ ಎರಡು ಅಡಿ ಎತ್ತರದ ಪೊದೆ. ಉದ್ದುದ್ದ ಕೊಂಬೆಗಳು ಮೇಲಕ್ಕೆ ಹೋಗಿ, ತುದಿಯ ಭಾರಕ್ಕೆ ಕಮಾನಿನ ಹಾಗೆ ಬಾಗಿದ್ದವು. ಹೂವಿಲ್ಲ, ಕಾಯಿಲ್ಲ. ಹಸಿರು ಎಲೆ, ಎಲೆಗಳ ಮರೆಯಲ್ಲಿ ಕೂತ ಮುಳ್ಳು. ಬೇರೇನೂ ಇಲ್ಲ.

ಆ ಮನೆಗೆ ಬಂದು ಆಗಿನ್ನೂ ಒಂದು ತಿಂಗಳಾಗಿತ್ತು. ಮೊದಲಿದ್ದವರು ಅಂಗಳದ ಒಂದು ಬದಿಗೆ ಹಳದಿ ಎಲೆಯ ಬೇಲಿ ಗಿಡ ಬೆಳೆಸಿದ್ದರು. ಸೊಂಟದೆತ್ತರದ ಗೋಡೆಯ ಹಾಗೆ ನೀಟಾಗಿ ಕತ್ತರಿಸಿದ ಬೇಲಿ. ಹದಿನೈದು ದಿನಕ್ಕೊಮ್ಮೆ ದೊಡ್ಡ ಕತ್ತರಿ ಹಿಡಿದು ಅದನ್ನು ಸಮ ಮಾಡುವ ಕೆಲಸವನ್ನು ನಾನೂ ಮುಂದುವರಿಸಿದ್ದೆ. ಬೇಲಿ ಮುಗಿಯುವ ಮೂಲೆಯಲ್ಲಿ, ನೀರಿನ ತೊಟ್ಟಿಯ ಹಿಂದೆ ಈ ಪೊದೆ ಇತ್ತು. ತೊಟ್ಟಿ ಅಡ್ಡ ಇದ್ದಿದ್ದರಿಂದ ಕತ್ತರಿ ಅಲ್ಲಿಗೆ ಎಟುಕುತ್ತಿರಲಿಲ್ಲ. ಯಾರೂ ಮುಟ್ಟದೆ ಅದು ತನ್ನ ಪಾಡಿಗೆ ತಾನು ಬೆಳೆದಿತ್ತು.

ಕೈಗೆ ಮುಲಾಮು ಹಚ್ಚಿಕೊಂಡು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವರು ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವರು. "ಇದನ್ನ ಬುಡಸಮೇತ ಕೀಳಿಸಿಬಿಡ್ತೀನಿ ಚಿಕ್ಕಮ್ಮ" ಅಂದೆ.

"ಕೀಳಿಸು, ಬೇಡ ಅನ್ನಲ್ಲ. ಏನನ್ನ ಕೀಳಿಸ್ತಿದೀಯ ಅಂತ ಮೊದಲು ತಿಳ್ಕೊ" ಅಂದರು.

ಇದೇನು ದೊಡ್ಡ ಕೆಲಸ ಅಂದುಕೊಂಡೆ. ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್ ಇತ್ತಲ್ಲ. ಒಂದು ಎಲೆಯ ಫೋಟೋ ತೆಗೆದು ಹಾಕಿದೆ. ಲಂಟಾನ ಇರಬಹುದು ಅಂತ ಬಂತು. ನೆರಳಿಗೆ ಸರಿದು ಇನ್ನೊಂದು ಎಲೆಯ ಫೋಟೋ ತೆಗೆದೆ. ಈಗ ಅದು ಒಂದು ಜಾತಿಯ ದಾಸವಾಳವಂತೆ! ಮೂರನೇ ಸಲ ಕೊಂಬೆಯನ್ನೇ ಹಿಡಿದು ತೋರಿಸಿದೆ. ನಾನು ಕೇಳಿಯೇ ಇರದ ಹೆಸರೊಂದು ಬಂತು. ಒಂದೇ ಗಿಡ, ಹತ್ತು ನಿಮಿಷ, ಮೂರು ಹೆಸರು.

ಆಗ ಸಿಟ್ಟು ಬಂದಿದ್ದು ಆ್ಯಪ್ ಮೇಲೆ. ಆಮೇಲೆ ಯೋಚಿಸಿದಾಗ ಅದರದ್ದೇನೂ ತಪ್ಪು ಕಾಣಲಿಲ್ಲ. ಮೊಟ್ಟೆಯಾಕಾರದ, ತುದಿ ಚೂಪಾದ ಹಸಿರು ಎಲೆ ಜಗತ್ತಿನಲ್ಲಿ ಎಷ್ಟು ಸಾವಿರ ಗಿಡಗಳಿಗಿದೆಯೋ. ಹೆಬ್ಬೆರಳಿನ ಫೋಟೋ ಕಳಿಸಿ ಇದು ಯಾರು ಅಂತ ಕೇಳಿದ ಹಾಗಾಗಿತ್ತು ನನ್ನ ಪ್ರಶ್ನೆ.

ಮೂರು ಹೆಸರನ್ನೂ ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಎಲೆ ಎದುರುಬದುರು ಇದೆಯೋ, ಒಂದಾದ ಮೇಲೊಂದು ಇದೆಯೋ?" ಅಂದರು. ಗೊತ್ತಿಲ್ಲ ಅಂದೆ. "ಮತ್ತೆ ನೀನು ನೋಡಿದ್ದೇನು?" ಫೋನ್ ಇಟ್ಟರು.

ಎಲೆ ನೋಡೋದು ಅಂದರೆ ಎಲೆಯನ್ನೇ ನೋಡೋದು ಅಂತ ನಾನು ಅಂದುಕೊಂಡಿದ್ದೆ. ಮೊದಲು ನೋಡಬೇಕಾದ್ದು ಎಲೆ ಕೊಂಬೆಗೆ ಸೇರುವ ಗೆಣ್ಣನ್ನು. ಒಂದು ಗೆಣ್ಣಿನಲ್ಲಿ ಒಂದೇ ಎಲೆ ಇದ್ದು, ಮುಂದಿನ ಗೆಣ್ಣಿನಲ್ಲಿ ಇನ್ನೊಂದು ಕಡೆಗೆ ಇನ್ನೊಂದು ಎಲೆ ಇದ್ದರೆ ಅದು ಒಂದು ಬಗೆ. ದಾಸವಾಳ, ಗುಲಾಬಿ, ಬೋಗನ್‌ವಿಲ್ಲಾ ಎಲ್ಲ ಹಾಗೇ. ಒಂದೇ ಗೆಣ್ಣಿನಲ್ಲಿ ಎರಡು ಎಲೆ ಎದುರೆದುರು ಇದ್ದರೆ ಇನ್ನೊಂದು ಬಗೆ. ಕೇಪಳ, ನಂದಿಬಟ್ಟಲು, ಮಲ್ಲಿಗೆ, ಲಂಟಾನ ಈ ಗುಂಪಿಗೆ ಸೇರುತ್ತವೆ. ಇದೊಂದನ್ನು ಸರಿಯಾಗಿ ನೋಡಿದರೆ ಅರ್ಧಕ್ಕರ್ಧ ಗಿಡಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ.

ನೋಡೋದು ಸುಲಭ ಅನ್ನಿಸುತ್ತೆ, ಅಲ್ವಾ? ನಾನು ಮೊದಲ ಸಲವೇ ಎಡವಿದೆ. ಬಾಗಿದ ಕೊಂಬೆಯ ಎಲೆಗಳೆಲ್ಲ ಬೆಳಕಿನ ಕಡೆ ತಿರುಚಿಕೊಂಡು ಒಂದೇ ಮಟ್ಟಕ್ಕೆ ಬಂದಿದ್ದವು. ಕೆಲವು ಗೆಣ್ಣುಗಳಲ್ಲಿ ಒಂದು ಎಲೆ ಉದುರಿಹೋಗಿತ್ತು. ಮೇಲಿಂದ ನೋಡಿದವಳಿಗೆ ಒಂದಾದ ಮೇಲೊಂದು ಇರುವ ಹಾಗೇ ಕಂಡಿತು. ಹಾಗೇ ಬರೆದುಕೊಂಡೆ. ಮಾರನೇ ದಿನ ಎಳೇ ಕೊಂಬೆಯೊಂದನ್ನು ಕತ್ತರಿಸಿ ಮೇಜಿನ ಮೇಲಿಟ್ಟು, ಎಲೆಗಳನ್ನು ಬಿಟ್ಟು ತೊಟ್ಟುಗಳನ್ನಷ್ಟೇ ನೋಡುತ್ತಾ ಬಂದೆ. ಎದುರುಬದುರು. ಎಲ್ಲ ಗೆಣ್ಣಿನಲ್ಲೂ ಎದುರುಬದುರು. ಉದುರಿದ ಎಲೆಯ ಜಾಗದಲ್ಲಿ ಸಣ್ಣ ಗಾಯದ ಗುರುತೂ ಇತ್ತು. ಇನ್ನೊಂದು ದಪ್ಪ ಕೊಂಬೆಯ ಒಂದೆರಡು ಗೆಣ್ಣಿನಲ್ಲಿ ಮೂರು ಮೂರು ಎಲೆ ಸುತ್ತುಗಟ್ಟಿ ಕೂತಿದ್ದವು. ಅದನ್ನು ನೋಡಿ ಮತ್ತೆ ಗೊಂದಲ. ಒಂದೇ ಗಿಡದಲ್ಲಿ ಎರಡೂ ಇರಬಹುದು, ಅದನ್ನೂ ಬರೆದುಕೋ ಅಂದರು ಚಿಕ್ಕಮ್ಮ.

ಆಮೇಲೆ ದಿನಕ್ಕೊಂದು ಪ್ರಶ್ನೆ ಬರತೊಡಗಿತು. ಬೇಲಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು, ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಉತ್ತರ ಹುಡುಕುವುದು ಸಂಜೆಯ ಕೆಲಸವಾಯಿತು.

ಹಾಲು ಬರುತ್ತಾ? ಎಲೆಯ ತೊಟ್ಟು ಮುರಿದೆ. ಬರಲಿಲ್ಲ. ಅಲ್ಲಿಗೆ ನಂದಿಬಟ್ಟಲಿನ ಬಳಗವೇ ಹೊರಗೆ. ಮುಳ್ಳಿದೆ, ಎದುರುಬದುರು ಎಲೆ ಇದೆ ಅಂತ ಕವಳೆ ಗಿಡ ಇರಬಹುದು ಅನ್ನೋ ಅನುಮಾನ ನನಗಿತ್ತು. ಕವಳೆಯೂ ಹಾಲು ಸುರಿಸುವ ಗಿಡ. ಅದೂ ಹೋಯಿತು. ಇಲ್ಲೊಂದು ಮಾತು ಹೇಳಬೇಕು. ಹಾಲಿರುವ ಗಿಡಗಳಲ್ಲಿ ಕಣಗಿಲೆಯಂಥ ಕಡು ವಿಷದವೂ ಇವೆ. ಮುರಿದ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬಾರದು, ಕೂಡಲೇ ತೊಳೆದುಕೊಳ್ಳಬೇಕು. ರುಚಿ ನೋಡುವ ಮಾತಂತೂ ಇಲ್ಲವೇ ಇಲ್ಲ.

ವಾಸನೆ? ಎಲೆ ಹಿಚುಕಿ ಮೂಸಿದೆ. ಹುಲ್ಲು ಕತ್ತರಿಸಿದಾಗ ಬರುವಂಥ ಹಸಿ ವಾಸನೆ, ಅಷ್ಟೇ. ಲಂಟಾನವಾಗಿದ್ದರೆ ಬೆರಳಿಂದ ಒಂದು ಗಂಟೆ ಹೋಗದ ಘಾಟು ಇರುತ್ತಿತ್ತು. ಅದರ ಎಲೆ ಒರಟು, ಅಂಚಿನ ಸುತ್ತ ಹಲ್ಲು. ನಮ್ಮ ಗಿಡದ ಎಲೆ ನಯ. ಆ್ಯಪ್ ಹೇಳಿದ ಮೊದಲ ಹೆಸರು ಹೀಗೆ ಕಳಚಿತು. ಎರಡನೆಯದು ಗೆಣ್ಣು ನೋಡಿದಾಗಲೇ ಹೋಗಿತ್ತು.

ಎರಡು ತೊಟ್ಟುಗಳ ನಡುವೆ, ಕೊಂಬೆಯ ಮೇಲೆ ಸಣ್ಣ ತ್ರಿಕೋನದ ಪೊರೆ ಇದೆಯಾ? ಕೇಪಳ, ಕಾಫಿ ಇವುಗಳ ಕುಟುಂಬದ ಮುದ್ರೆ ಅದು. ಭೂತಗನ್ನಡಿ ಹಿಡಿದು ಹುಡುಕಿದೆ. ಇರಲಿಲ್ಲ.

ಎಳೇ ಕೊಂಬೆ ದುಂಡಗಿದೆಯೋ, ಚೌಕವೋ? ಇದನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿದರೆ ದುಂಡಗಿನದು ಸರಾಗವಾಗಿ ಉರುಳುತ್ತದೆ, ಚೌಕದ್ದು ತಡೆದು ತಡೆದು ಉರುಳುತ್ತದೆ. ನನ್ನದು ತಡೆಯಿತು. ನಾಲ್ಕು ಮೂಲೆ. ಹಳೇ ಕೊಂಬೆ ಮಾತ್ರ ಬಲಿತು ದುಂಡಗಾಗಿತ್ತು.

ಇನ್ನು ಮುಳ್ಳು. ಮುಳ್ಳು ಅಂದರೆ ಮುಳ್ಳು, ಅದರಲ್ಲೇನು ಅಂತ ನಾನು. ಗುಲಾಬಿಯ ಮುಳ್ಳು ತೊಗಟೆಯ ಮೇಲಿನದು. ಎಲ್ಲಿ ಬೇಕಾದರೂ ಇರುತ್ತದೆ, ಬೆರಳಲ್ಲಿ ಒತ್ತಿದರೆ ಪಕ್ಕಕ್ಕೆ ಕಿತ್ತು ಬರುತ್ತದೆ. ಈ ಗಿಡದ್ದು ಹಾಗಲ್ಲ. ಎಲೆಯ ಕಂಕುಳಿಂದ, ಅಂದರೆ ತೊಟ್ಟು ಮತ್ತು ಕೊಂಬೆಯ ನಡುವಿನ ಸಂದಿಯಿಂದಲೇ ಹೊರಟಿತ್ತು. ಕಂಕುಳಲ್ಲಿ ಹುಟ್ಟೋದು ಸಾಮಾನ್ಯವಾಗಿ ರೆಂಬೆ. ಹಾಗಾಗಿ ಇದು ರೆಂಬೆಯಾಗಬೇಕಿದ್ದು ಮುಳ್ಳಾದದ್ದು. ಕಿತ್ತರೆ ಬರುವುದಿಲ್ಲ, ಮುರಿಯಬೇಕು. ಇನ್ನೊಂದು ವಿಚಿತ್ರ ಅಂದರೆ, ಎಲ್ಲ ಕೊಂಬೆಯಲ್ಲೂ ಮುಳ್ಳಿರಲಿಲ್ಲ. ದಪ್ಪನೆಯ, ಜೋರಾಗಿ ಬೆಳೆದ ಕೊಂಬೆಗಳಲ್ಲಿ ಮಾತ್ರ. ತೆಳು ಕೊಂಬೆಗಳನ್ನು ಧೈರ್ಯವಾಗಿ ಹಿಡಿಯಬಹುದಿತ್ತು.

ಇಷ್ಟೆಲ್ಲ ಆದ ಮೇಲೆ ನನಗೊಂದು ಉತ್ತರ ಹೊಳೆಯಿತು. ಮದರಂಗಿ! ಎದುರುಬದುರು ಎಲೆ, ಹಾಲಿಲ್ಲ, ಎಳೇ ಕೊಂಬೆ ಚೌಕ, ಬಲಿತ ಗಿಡಕ್ಕೆ ಮುಳ್ಳು. ಎಲ್ಲ ಸರಿಹೊಂದುತ್ತೆ. ಚಿಕ್ಕಮ್ಮನಿಗೆ ಹೇಳುವ ಮೊದಲು ನಾನೇ ಖಾತ್ರಿ ಮಾಡಿಕೊಳ್ಳೋಣ ಅಂತ ಒಂದು ಹಿಡಿ ಎಲೆ ಅರೆದು ಅಂಗೈಗೆ ಮೆತ್ತಿಕೊಂಡು ಮಲಗಿದೆ. ಮದರಂಗಿಯಾಗಿದ್ದರೆ ಬೆಳಿಗ್ಗೆ ಅಂಗೈ ಕೆಂಪಾಗಬೇಕು. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಹಸಿರು ಕಲೆ, ಅಂಗೈಯಲ್ಲಿ ಒಂದಿಷ್ಟು ತುರಿಕೆ. ಸೋಪು ಹಾಕಿ ತೊಳೆದ ಮೇಲೆ ಬಣ್ಣದ ಸುಳಿವೂ ಇಲ್ಲ.

"ಹೆಸರು ಗೊತ್ತಿಲ್ಲದ ಎಲೆ ಅರೆದು ಮೈಗೆ ಹಚ್ಕೋತಾರೇನೇ? ವಿಷದ ಗಿಡ ಆಗಿದ್ರೆ?" ಈ ಸಲ ಸರಿಯಾಗೇ ಬೈದರು. ಆಮೇಲೆ ಸಮಾಧಾನದಲ್ಲಿ, "ಎಲೆ ಅಂಚು ಹೇಗಿದೆ ಅಂತ ನೀನು ಹೇಳಲೇ ಇಲ್ಲ" ಅಂದರು.

ಹೇಳಿರಲಿಲ್ಲ ಯಾಕೆ ಅಂದರೆ ಅದು ನನಗೆ ತಲೆನೋವಾಗಿತ್ತು. ಕೆಲವು ಎಲೆಗಳ ಅಂಚು ಪೂರ್ತಿ ನುಣುಪು. ಕೆಲವಕ್ಕೆ ಮೇಲಿನ ಅರ್ಧದಲ್ಲಿ ಮಾತ್ರ ಗರಗಸದಂಥ ಹಲ್ಲು, ತೊಟ್ಟಿನ ಕಡೆಯ ಅರ್ಧ ನುಣುಪು. ಒಂದೇ ಕೊಂಬೆಯಲ್ಲಿ ಎರಡು ಬಗೆ. ಯಾವುದು ಸರಿ ಅಂತ ತಿಳಿಯದೆ, ಎರಡನ್ನೂ ಬರೆಯದೆ ಬಿಟ್ಟಿದ್ದೆ. ಗೊಂದಲ ಮಾಡುವ ಗುರುತನ್ನೇ ಬಿಟ್ಟು, ಹೊಂದುವ ಗುರುತುಗಳನ್ನಷ್ಟೇ ಇಟ್ಟುಕೊಂಡು ಮದರಂಗಿ ಅಂತ ತೀರ್ಮಾನಿಸಿದ್ದೆ ಅನ್ನಿ. ಮದರಂಗಿ ಎಲೆಗೆ ಹಲ್ಲಿರುವುದಿಲ್ಲ. ಅದರ ಎಲೆಯೂ ಚಿಕ್ಕದು. ಸ್ಕೇಲ್ ಹಿಡಿದು ನನ್ನ ಗಿಡದ ಇಪ್ಪತ್ತು ಎಲೆ ಅಳೆದೆ. ಹೆಚ್ಚಿನವು 5ರಿಂದ 7 ಸೆಂಟಿಮೀಟರ್ ಉದ್ದ, ಸುಮಾರು 3 ಸೆಂಟಿಮೀಟರ್ ಅಗಲ. ಅಳೆದಿದ್ದರೆ, ಹಲ್ಲು ನೋಡಿದ್ದನ್ನು ಒಪ್ಪಿಕೊಂಡಿದ್ದರೆ, ದಿಂಬಾದರೂ ಉಳಿಯುತ್ತಿತ್ತು.

ಎಲೆಯಿಂದ ಇದಕ್ಕಿಂತ ಮುಂದೆ ಹೋಗೋದು ಕಷ್ಟ, ಹೂವಿಗೆ ಕಾಯಬೇಕು ಅಂದರು ಚಿಕ್ಕಮ್ಮ. ಕೊಂಬೆಗಳ ತುದಿ ಮುರಿಯಬೇಡ, ಬಹಳಷ್ಟು ಪೊದೆಗಳು ಹೊಸ ಚಿಗುರಿನ ತುದಿಯಲ್ಲೇ ಹೂ ಬಿಡೋದು ಅಂತ ಎಚ್ಚರಿಸಿದರು. ಆ ಮಾತು ಒಂದು ಕಿವಿಯಿಂದ ಬಂದು ಇನ್ನೊಂದು ಕಿವಿಯಿಂದ ಹೋಯಿತು. ಅದರಲ್ಲಿ ಎಷ್ಟು ದೊಡ್ಡ ಸುಳಿವಿತ್ತು ಅಂತ ಆಗ ತಿಳಿಯಲಿಲ್ಲ. ಅವತ್ತೇ ಸಂಜೆ ಪಕ್ಕದ ಹಳದಿ ಬೇಲಿಯ ತುದಿಗಳನ್ನೆಲ್ಲ ಕಚಕಚ ಅಂತ ಕತ್ತರಿಸಿದೆ.

ಕಾದ ದಿನಗಳ ಬಗ್ಗೆ ಹೇಳಲು ಏನೂ ಇಲ್ಲ. ಏಳು ವಾರ.

ಮೊಗ್ಗು ಬಂದಾಗ ಮೊದಲು ಗುರುತೇ ಸಿಗಲಿಲ್ಲ. ಬಾಗಿದ ಕೊಂಬೆಯ ತುದಿಯಿಂದ ಇನ್ನೂ ತೆಳ್ಳಗಿನ ದಾರದಂಥದು ಇಳಿಬಿದ್ದಿತ್ತು. ಅದರ ಉದ್ದಕ್ಕೂ ಹಸಿರು ಕಾಳುಗಳು. ನಾಲ್ಕೈದು ದಿನದಲ್ಲಿ ಬುಡದ ಕಡೆಯ ಕಾಳು ಬಿರಿದು ತಿಳಿ ನೇರಳೆ ಹೂ ಹೊರಬಂತು. ಮಾರನೇ ದಿನ ಅದರ ಮುಂದಿನದು, ಆಮೇಲೆ ಅದರ ಮುಂದಿನದು. ತುದಿಯಲ್ಲಿ ಇನ್ನೂ ಮೊಗ್ಗು ಇರುವಾಗಲೇ ಬುಡದ ಹೂ ಉದುರುತ್ತಿತ್ತು. ಗೊಂಚಲಿನ ಉದ್ದ ಒಂದು ಗೇಣಿಗೆ ಸ್ವಲ್ಪ ಕಮ್ಮಿ. ಒಂದು ವಾರದಲ್ಲಿ ಇಡೀ ಪೊದೆ ನೇರಳೆ ಜಾಲರಿ ಹೊದ್ದ ಹಾಗಾಯಿತು, ಚಿಟ್ಟೆಗಳೂ ಬಂದವು. ಕೀಳಿಸುವ ಮಾತು ನನಗೆ ಮರೆತೇಹೋಯಿತು.

ನೇರಳೆ ಹೂ ಅಂದ ಕೂಡಲೇ ಮತ್ತೆ ಹೆಸರುಗಳು ತಲೆಯಲ್ಲಿ ಓಡತೊಡಗಿದವು. ಈ ಸಲ ನಾನು ಬುದ್ಧಿ ಕಲಿತಿದ್ದೆ. ಒಂದೊಂದನ್ನೇ ನೋಟ್‌ಬುಕ್ಕಿನ ಎದುರು ನಿಲ್ಲಿಸಿದೆ. ತಿಳಿನೀಲಿ ಹೂವಿನ ಪ್ಲಂಬಾಗೊ? ಅದರ ಎಲೆ ಎದುರುಬದುರಲ್ಲ, ಜೊತೆಗೆ ಹೂವಿನ ಕೆಳಗಿನ ಹಸಿರು ಕೊಳವೆ ಬೆರಳಿಗೆ ಅಂಟುತ್ತದೆ. ಇದು ಅಂಟಲಿಲ್ಲ. ಬ್ರನ್‌ಫೆಲ್ಸಿಯಾ? ಅದರ ಹೂ ಅರಳಿದ ದಿನ ಕಡು ನೇರಳೆ, ಆಮೇಲೆ ತಿಳಿಯಾಗುತ್ತಾ ಬಂದು ಕೊನೆಗೆ ಬೆಳ್ಳಗಾಗುತ್ತದೆ. ಒಂದೇ ಗಿಡದಲ್ಲಿ ಮೂರು ಬಣ್ಣ. ಇಲ್ಲಿ ಹಾಗಿಲ್ಲ, ಎಲೆಯೂ ಹೊಂದುವುದಿಲ್ಲ. ಪೆಟ್ರಿಯಾ? ಇದು ಸ್ವಲ್ಪ ಹತ್ತಿರ ಬಂತು. ಎದುರುಬದುರು ಎಲೆ, ನೇರಳೆ ಗೊಂಚಲು. ಆದರೆ ಪೆಟ್ರಿಯಾ ಎಲೆ ಉಪ್ಪುಕಾಗದದಷ್ಟು ಒರಟು. ಒಳಗಿನ ಕಡು ಬಣ್ಣದ ಹೂ ಉದುರಿದ ಮೇಲೂ ಹೊರಗಿನ ಐದು ಎಸಳಿನ ನಕ್ಷತ್ರ ಗೊಂಚಲಲ್ಲೇ ಉಳಿಯುತ್ತದೆ. ನನ್ನ ಗಿಡದ ಹೂ ಉದುರಿದರೆ ಉಳಿಯುತ್ತಿದ್ದದ್ದು ಪುಟ್ಟ ಹಸಿರು ಕೊಳವೆ ಮಾತ್ರ.

ಒಂದು ಹೂವನ್ನು ಬಿಳಿ ಕಾಗದದ ಮೇಲಿಟ್ಟು ಬಿಚ್ಚಿ ನೋಡು ಅಂದರು ಚಿಕ್ಕಮ್ಮ. ಇಡೀ ಪ್ರಯಾಸದಲ್ಲಿ ನನಗೆ ಅತಿ ಇಷ್ಟವಾದ ಸಂಜೆ ಅದು. ಹೂವಿನ ಅಗಲ ಒಂದು ಸೆಂಟಿಮೀಟರಿಗೆ ತುಸು ಜಾಸ್ತಿ. ಐದು ಎಸಳು. ಅವು ಬಿಡಿ ಬಿಡಿಯಾಗಿಲ್ಲ, ಕೆಳಗೆ ಕೂಡಿಕೊಂಡು ಸಣ್ಣ ಕೊಳವೆಯಾಗಿವೆ. ಕೊಳವೆ ನೆಟ್ಟಗಿಲ್ಲ, ಸ್ವಲ್ಪ ಬಾಗಿದೆ. ಐದು ಎಸಳೂ ಒಂದೇ ಅಳತೆಯಲ್ಲ. ಅವುಗಳಲ್ಲಿ ಎರಡು ಎಸಳಿನ ಮೇಲೆ ಮಾತ್ರ, ನಟ್ಟನಡುವೆ ಕಡು ನೇರಳೆ ಗೆರೆ, ಪೆನ್ನಿನಲ್ಲಿ ಎಳೆದ ಹಾಗೆ. ದೂರದಿಂದ ನೋಡಿದ್ದರೆ ಐದೂ ಒಂದೇ ಥರ ಅಂತ ಆಣೆ ಮಾಡುತ್ತಿದ್ದೆ. ಆ ಗೆರೆ ಹುಳುವಿಗೆ ದಾರಿ ತೋರಿಸೋಕೆ ಅಂತ ಚಿಕ್ಕಮ್ಮ.

ಸೂಜಿಯಿಂದ ಕೊಳವೆಯನ್ನು ಉದ್ದಕ್ಕೆ ಸೀಳಿದೆ. ಬಾಯಿಯ ಹತ್ತಿರ ನವಿರಾದ ರೋಮ. ಒಳಗೆ ಕೇಸರಗಳು, ಕೊಳವೆಯ ಗೋಡೆಗೆ ಅಂಟಿಕೊಂಡು. ಎಣಿಸಿದೆ. ನಾಲ್ಕು. ಐದಿರಬೇಕಲ್ಲ, ಒಂದನ್ನು ಸೂಜಿಯಲ್ಲಿ ಹಾಳು ಮಾಡಿದೆನೇನೋ ಅಂತ ಇನ್ನೂ ಮೂರು ಹೂ ಸೀಳಿದೆ. ನಾಲ್ಕೇ. ಎರಡು ಉದ್ದ, ಎರಡು ಗಿಡ್ಡ.

"ಎಸಳು ಐದು, ಕೇಸರ ನಾಲ್ಕು, ಎಲೆ ಎದುರುಬದುರು, ಚೌಕ ಕೊಂಬೆ" ಅಂತ ಓದಿ ಹೇಳಿದೆ. ಆ ಕಡೆ ಒಂದು ಕ್ಷಣ ಮೌನ. "ಈಗ ನೀನು ಗಿಡ ನೋಡಿದೀಯ ಅಂತ ಆಯ್ತು" ಅಂದರು. ಆ ನಾಲ್ಕು ಗುರುತು ಕೂಡಿದರೆ ಸಾಮಾನ್ಯವಾಗಿ ನಾಲ್ಕಾರು ಕುಟುಂಬಗಳ ಒಳಗೇ ಹುಡುಕಾಟ ಮುಗಿಯುತ್ತದಂತೆ. ತುಳಸಿಯ ಕುಟುಂಬ ಒಂದು, ಲಂಟಾನ ಇರುವ ವರ್ಬಿನಾ ಕುಟುಂಬ ಇನ್ನೊಂದು. ಇವೆರಡೂ ಎಷ್ಟು ಹತ್ತಿರ ಅಂದರೆ ತೇಗ, ಲಕ್ಕಿ ಗಿಡ, ಕ್ಲೆರೋಡೆಂಡ್ರಮ್ ಇವನ್ನೆಲ್ಲ ಮೊದಲು ವರ್ಬಿನಾ ಕುಟುಂಬ ಅಂತಲೇ ಪಾಠ ಮಾಡುತ್ತಿದ್ದರು. 1990ರ ದಶಕದಿಂದೀಚೆಗೆ ಅವನ್ನು ತುಳಸಿಯ ಕುಟುಂಬಕ್ಕೆ ಸೇರಿಸಿದ್ದಾರೆ. "ನಾನು ಅರ್ಧ ಸರ್ವೀಸು ಒಂದು ಪಾಠ ಮಾಡಿದೆ, ಇನ್ನರ್ಧ ಇನ್ನೊಂದು" ಅಂತ ನಕ್ಕರು. ಗೊಂಚಲು ಹೀಗೆ ಬುಡದಿಂದ ತುದಿಗೆ ಅರಳೋದಾದರೆ ವರ್ಬಿನಾ ಕಡೆ ನೋಡು ಅಂದರು. ಅವರಿಗೆ ಹೆಸರು ಆಗಲೇ ಗೊತ್ತಾಗಿತ್ತು ಅಂತ ಈಗ ನನ್ನ ಅನುಮಾನ. ಹೇಳಲಿಲ್ಲ.

ಹೂವು, ಎಲೆ, ಗೆಣ್ಣು ಮೂರೂ ಕಾಣುವ ಹಾಗೆ ಫೋಟೋ ತೆಗೆದು ಅದೇ ಆ್ಯಪ್‌ಗೆ ಹಾಕಿದೆ. ಕ್ಷಣದಲ್ಲಿ ಒಂದೇ ಹೆಸರು ಬಂತು. ಡುರಾಂಟಾ ಎರೆಕ್ಟಾ. ಕುಟುಂಬ ವರ್ಬಿನೇಸಿ.

ನನಗೆ ನಂಬಿಕೆ ಬರಲಿಲ್ಲ. ಡುರಾಂಟಾ ಯಾರಿಗೆ ಗೊತ್ತಿಲ್ಲ? ಅದು ಹಳದಿ ಎಲೆಯ ಬೇಲಿ ಗಿಡ. ಪಾರ್ಕು, ಆಫೀಸು, ರಸ್ತೆಯ ನಡುವಿನ ಪಟ್ಟಿ ಎಲ್ಲ ಕಡೆ ಮೊಣಕಾಲೆತ್ತರಕ್ಕೆ ಕತ್ತರಿಸಿ ಬಿಟ್ಟಿರುತ್ತಾರೆ. ಹೂವಿಲ್ಲ, ಮುಳ್ಳಿಲ್ಲ. ಆ್ಯಪ್ ಮತ್ತೆ ತಪ್ಪಿತು ಅಂದುಕೊಂಡು ಎದ್ದು ನಿಂತೆ. ನಿಂತವಳ ಸೊಂಟಕ್ಕೆ ತಾಗಿದ್ದು ಹಳದಿ ಬೇಲಿ.

ಮೂರು ತಿಂಗಳಿಂದ ಅದರ ಪಕ್ಕದಲ್ಲೇ ಕೂತು ನೋಟ್‌ಬುಕ್ ತುಂಬಿಸಿದ್ದೆ. ಒಂದು ದಿನವೂ ಅದರ ಒಂದು ಎಲೆ ತಿರುಗಿಸಿ ನೋಡಿರಲಿಲ್ಲ. ಬೇಲಿ ನನ್ನ ಪಾಲಿಗೆ ಗಿಡವೇ ಆಗಿರಲಿಲ್ಲ. ಅದು ಗೋಡೆ.

ಒಂದು ಚಿಗುರು ಮುರಿದು ಕೈಯಲ್ಲಿ ಹಿಡಿದೆ. ಎಲೆ ಎದುರುಬದುರು. ಕೊಂಬೆ ಬೆರಳುಗಳ ನಡುವೆ ತಡೆದು ತಡೆದು ಉರುಳಿತು. ಹಾಲಿಲ್ಲ, ಘಾಟಿಲ್ಲ. ಎಲೆ ಚಿಕ್ಕದು, ಬಣ್ಣ ನಿಂಬೆ ಹಳದಿ. ಆದರೆ ಮೇಲಿನ ಅರ್ಧದಲ್ಲಿ ಅದೇ ಗರಗಸದ ಹಲ್ಲು, ಕೆಳಗಿನ ಅರ್ಧ ನುಣುಪು. ನನ್ನನ್ನು ಅಷ್ಟು ಕಾಡಿದ್ದ ಹಲ್ಲು.

ಹಾಗಾದರೆ ಈ ಹಸಿರು ಪೊದೆ ಎಲ್ಲಿಂದ ಬಂತು? ತೊಟ್ಟಿಯ ಹಿಂದೆ ನೆರಳು ಜಾಸ್ತಿ ಅಂತ ಹಸಿರಾಗಿರಬಹುದೇ? ಹಳದಿ ಡುರಾಂಟಾ ನೆರಳಿನಲ್ಲಿ ಹಸಿರಿಗೆ ತಿರುಗುವುದು ನಿಜ. ಆದರೆ ಪೊದೆಯ ಮೇಲ್ಭಾಗಕ್ಕೆ ದಿನವಿಡೀ ಬಿಸಿಲು. ಅಲ್ಲೂ ಕಡು ಹಸಿರೇ. ಹಕ್ಕಿ ತಂದು ಹಾಕಿದ ಬೀಜದಿಂದ ಹುಟ್ಟಿದ ಬೇರೆಯೇ ಗಿಡವೇ? ಟಾರ್ಚ್ ಹಿಡಿದು, ಉದ್ದ ತೋಳಿನ ಅಂಗಿ ಹಾಕಿಕೊಂಡು, ತೊಟ್ಟಿಯ ಹಿಂದೆ ಮಂಡಿಯೂರಿ ಬುಡ ನೋಡಿದೆ. ಒಂದೇ ಕಾಂಡ. ನೆಲದಿಂದ ಒಂದು ಗೇಣು ಮೇಲೆ ಅದು ಕವಲೊಡೆದಿತ್ತು. ಒಂದು ಕವಲು ತೋಳಿನಷ್ಟು ದಪ್ಪವಾಗಿ, ಹಸಿರಾಗಿ ಮೇಲೆ ಹೋಗಿತ್ತು. ಇನ್ನೊಂದು ಪೆನ್ಸಿಲಿನಷ್ಟು ತೆಳ್ಳಗೆ, ಪಕ್ಕಕ್ಕೆ ವಾಲಿ, ತುದಿಯಲ್ಲಿ ಹತ್ತಿಪ್ಪತ್ತು ಹಳದಿ ಎಲೆ ಹಿಡಿದುಕೊಂಡಿತ್ತು. ಬೇಲಿಯ ಸಾಲಿನ ಕೊನೆಯ ಗಿಡವೇ ಅದು.

ಹಳದಿ ಎಲೆಯದು ಜನ ಬಣ್ಣಕ್ಕಾಗಿ ಆರಿಸಿಕೊಂಡ ತಳಿ. ಕಡ್ಡಿ ನೆಟ್ಟು ಬೆಳೆಸುತ್ತಾರೆ. ಅಂಥ ಗಿಡದಲ್ಲಿ ಒಮ್ಮೊಮ್ಮೆ ಒಂದು ಚಿಗುರು ಹಳೇ ಹಸಿರಿಗೆ ಮರಳಿಬಿಡುತ್ತದೆ. ಹಸಿರು ಎಲೆಯಲ್ಲಿ ಪತ್ರಹರಿತ್ತು ಜಾಸ್ತಿ, ಹಾಗಾಗಿ ಅದು ಹೆಚ್ಚು ಆಹಾರ ಮಾಡಿಕೊಂಡು ಹಳದಿ ಚಿಗುರಿಗಿಂತ ಬೇಗ ಬೆಳೆಯುತ್ತದೆ. ಬಿಟ್ಟರೆ ಹಳದಿಯನ್ನು ಮುಚ್ಚಿಹಾಕುತ್ತದೆ. ತೋಟದ ಕೆಲಸ ಬಲ್ಲವರು ಹಸಿರು ಚಿಗುರು ಕಂಡ ಕೂಡಲೇ ಬುಡದಿಂದ ಕತ್ತರಿಸುತ್ತಾರೆ. ತೊಟ್ಟಿಯ ಹಿಂದಿನ ಗಿಡಕ್ಕೆ ಆ ಕತ್ತರಿ ಸಿಗಲಿಲ್ಲ.

ಬೇಲಿಯಲ್ಲಿ ಹೂ ಕಾಣದ್ದಕ್ಕೂ ಕತ್ತರಿಯೇ ಕಾರಣ. ಹೂ ಬರೋದು ಹೊಸ ಚಿಗುರಿನ ತುದಿಯಲ್ಲಿ. ಆ ತುದಿಯನ್ನೇ ಹದಿನೈದು ದಿನಕ್ಕೊಮ್ಮೆ ನಾನು ಕತ್ತರಿಸುತ್ತಿದ್ದೆ.

ಆದರೂ ಪೂರ್ತಿ ಖಾತ್ರಿಗೆ ಹಣ್ಣು ನೋಡಬೇಕು ಅಂತ ಚಿಕ್ಕಮ್ಮನ ಹಟ. ಹೂ ಉದುರಿದ ಮೇಲೆ ಉಳಿದ ಹಸಿರು ಕೊಳವೆ ದಿನದಿನಕ್ಕೆ ಉಬ್ಬತೊಡಗಿತು. ಕಾಯಿ ಅದರ ಒಳಗೇ ಬೆಳೆಯಿತು. ಕೊನೆಗೆ ಕೊಳವೆ ಕಾಯಿಯನ್ನು ಪೂರ್ತಿ ಮುಚ್ಚಿ, ತುದಿಯಲ್ಲಿ ಗಿಳಿಯ ಕೊಕ್ಕಿನಂಥ ಪುಟ್ಟ ಮೂತಿ ಬಿಟ್ಟು, ಹೊಂಬಣ್ಣಕ್ಕೆ ತಿರುಗಿತು. ಒಂದೊಂದೂ ಒಂದು ಸೆಂಟಿಮೀಟರ್ ಗಾತ್ರ. ಇಳಿಬಿದ್ದ ಗೊಂಚಲಿನಲ್ಲಿ ಸಾಲಾಗಿ ಪೋಣಿಸಿದ ಹಾಗೆ. ಒಂದನ್ನು ಬ್ಲೇಡಿನಲ್ಲಿ ಕೊಯ್ದರೆ ಒಳಗೆ ನಾಲ್ಕು ಗಟ್ಟಿ ಓಟೆ, ಒಂದೊಂದರಲ್ಲಿ ಎರಡೆರಡು ಬೀಜ.

ನೋಡಲು ಇಷ್ಟು ಚಂದದ ಈ ಹಣ್ಣು ಮನುಷ್ಯರಿಗೆ ವಿಷ. ನಾಯಿ, ಬೆಕ್ಕುಗಳಿಗೂ ಅಷ್ಟೇ. ಹಕ್ಕಿಗಳು ಮಾತ್ರ ಆರಾಮಾಗಿ ತಿಂದು ಬೀಜವನ್ನು ಎಲ್ಲೆಲ್ಲೋ ಉದುರಿಸುತ್ತವೆ. ಮೂಲದಲ್ಲಿ ಇದು ಅಮೆರಿಕ ಖಂಡದ ಬೆಚ್ಚಗಿನ ಭಾಗಗಳ ಗಿಡ. ಹೂವಿಗಾಗಿ ತಂದು ನೆಟ್ಟ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಈಗ ಕಳೆಯಾಗಿ ಹಬ್ಬಿದೆ. ಪಕ್ಕದ ಮನೆಯ ಪುಟ್ಟ ಹುಡುಗಿ ಗೇಟಿನ ಸಂದಿಯಿಂದ ಕೈ ಚಾಚಿದ್ದು ಕಂಡ ದಿನವೇ ಗೇಟಿನ ಕಡೆ ಇಳಿಬಿದ್ದ ಗೊಂಚಲುಗಳನ್ನೆಲ್ಲ ಕತ್ತರಿಸಿದೆ. ಅವರಮ್ಮನಿಗೂ ಹೇಳಿ ಬಂದೆ. ಅಂಗೈಗೆ ಅರೆದು ಹಚ್ಚಿಕೊಂಡಿದ್ದು ನೆನಪಾಗಿ ಮೈ ಜುಂ ಅಂದಿತು.

ಹೆಸರು ಸಿಕ್ಕ ಮೇಲೆ ಹೆಸರಿನ ಬೆನ್ನು ಹತ್ತಿದೆ. ಡುರಾಂಟಾ ಅನ್ನೋದು 16ನೇ ಶತಮಾನದ ಇಟಲಿಯ ವೈದ್ಯ ಕಾಸ್ಟೊರೆ ಡುರಾಂಟೆ ಅವರ ನೆನಪಿಗೆ ಇಟ್ಟದ್ದು. ಅವರು 1529ರಿಂದ 1590ರವರೆಗೆ ಬದುಕಿದ್ದವರು, ಗಿಡಮೂಲಿಕೆಗಳ ಬಗ್ಗೆ ಬರೆದವರು. ತಮಾಷೆ ಇರೋದು ಎರಡನೇ ಪದದಲ್ಲಿ. 1753ರಲ್ಲಿ, ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಎರಡು ಹೆಸರು ಕೊಟ್ಟರು, ಎರಡು ಬೇರೆ ಗಿಡ ಅಂದುಕೊಂಡು. ಒಂದು ಎರೆಕ್ಟಾ, ಅಂದರೆ ನೆಟ್ಟಗೆ ನಿಂತದ್ದು. ಇನ್ನೊಂದು ರೆಪೆನ್ಸ್, ಅಂದರೆ ತೆವಳುವುದು. ಆಮೇಲೆ ಎರಡೂ ಒಂದೇ ಅಂತ ಗೊತ್ತಾಗಿ ಎರೆಕ್ಟಾ ಉಳಿಯಿತು. ಹಾಗಾಗಿ ಹಳೇ ಚೀಟಿಗಳಲ್ಲಿ ಡುರಾಂಟಾ ರೆಪೆನ್ಸ್ ಅಂತ ಕಂಡರೆ ಅದೂ ಇದೇ ಗಿಡ. ನನ್ನ ಕೇಳಿದರೆ ಎರಡು ಹೆಸರೂ ಸುಳ್ಳು. ಇದು ನೆಟ್ಟಗೂ ನಿಲ್ಲುವುದಿಲ್ಲ, ತೆವಳುವುದೂ ಇಲ್ಲ. ಬಾಗಿ ನಿಂತು ಗೀಚುತ್ತದೆ. ಲಿನೇಯಸ್ ಅವರಂಥವರೇ ಒಂದನ್ನು ಎರಡು ಅಂದುಕೊಂಡಿದ್ದರು ಅಂತ ಗೊತ್ತಾದಾಗ ಮದರಂಗಿಯ ನಾಚಿಕೆ ಸ್ವಲ್ಪ ಕಮ್ಮಿಯಾಯಿತು.

ಚಿಕ್ಕಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬುಡದ ಹಳದಿ ಕವಲಿನ ವಿಷಯ ಮಾತ್ರ ಅವರಿಗೂ ಹೊಸದು. ಫೋಟೋ ಕಳಿಸು ಅಂತ ಎರಡು ಸಲ ಕೇಳಿದರು. "ಈಗ ಕೀಳಿಸ್ತೀಯೋ?" ಅಂತಲೂ ಕೇಳಿದರು.

ಕೀಳಿಸಲಿಲ್ಲ. ದಾರಿಗೆ ಚಾಚಿದ್ದ ಮುಳ್ಳಿನ ಕೊಂಬೆಗಳನ್ನು ತೆಗೆದು, ಪೈಪನ್ನು ತೊಟ್ಟಿಯ ಇನ್ನೊಂದು ಬದಿಯಿಂದ ಸುತ್ತಿಸಿದೆ. ಬೇಲಿಯ ಸಾಲಿನಲ್ಲಿ ತೊಟ್ಟಿಗೆ ಹತ್ತಿರದ ನಾಲ್ಕು ಹಳದಿ ಗಿಡಗಳಿಗೆ ಕತ್ತರಿ ಹಾಕುವುದನ್ನೂ ನಿಲ್ಲಿಸಿದೆ. ಬೇಲಿ ಈಗ ಆ ತುದಿಯಲ್ಲಿ ಕೆದರಿದ ತಲೆಯ ಹಾಗಿದೆ. ನೋಡಿದವರೆಲ್ಲ ಕತ್ತರಿ ಮುರಿದುಹೋಯಿತಾ ಅಂತ ಕೇಳುತ್ತಾರೆ. ಮೊನ್ನೆ ಎರಡನೇ ಗಿಡದ ತುದಿಯಿಂದ ದಾರದಂಥದು ಇಳಿಬಿದ್ದಿತ್ತು. ಇವತ್ತು ಬೆಳಿಗ್ಗೆ ಬುಡದ ಮೊದಲ ಹೂ ಅರಳಿದೆ. ಹಳದಿ ಎಲೆಯ ಮೇಲೆ ತಿಳಿ ನೇರಳೆ. ಎರಡು ಎಸಳಿಗೆ ಮಾತ್ರ ಗೆರೆ.